ಕಲ್ಲುಮಂಟಪದವರೆಗೆ ಒಂದು ಹಗಲು



ಮಳೆಗಾಲ ಮುಗಿದು ಆಕಾಶ ತಿಳಿಯಾಯಿತೆಂದರೆ ಬೆಂಗಳೂರಿನ ತ್ಯಾಗರಾಜನಗರದ ಶುಕ್ರವಾರ ರಾತ್ರಿಗೆ ಬೇರೆಯದೇ ಕಳೆ. ಊಟ ಮುಗಿಸಿ ಅಡ್ಡಾಡಲು ಹೊರಟ ಹಿರಿಯರ ನಡುವೆ, ಬೆನ್ನಿಗೆ ದೊಡ್ಡ ಚೀಲ ಬಿಗಿದ ಹುಡುಗ ಹುಡುಗಿಯರು ಕಾಣಿಸುತ್ತಾರೆ. ಕಾಲಿಗೆ ದಪ್ಪ ಅಟ್ಟೆಯ ಬೂಟು. ತಲೆಗೆ ಟೋಪಿ, ರಾತ್ರಿ ಎಂಟು ಗಂಟೆಗೂ! ಅವರು ಸೌತ್ ಎಂಡ್ ಸರ್ಕಲ್ಲಿನವರೆಗೆ ನಡೆಯುತ್ತಾರೆ. ಹಸಿರು ಮಾರ್ಗದ ಮೆಟ್ರೋ ಹತ್ತುತ್ತಾರೆ. ಮೆಜೆಸ್ಟಿಕ್ಕಿನಲ್ಲಿ ಇಳಿದು ಕುಕ್ಕೆ ಸುಬ್ರಹ್ಮಣ್ಯದ ಬಸ್ಸು ಹುಡುಕುತ್ತಾರೆ. ರಾತ್ರಿಯಿಡೀ ಪ್ರಯಾಣ, ಸುಮಾರು 280 ಕಿಲೋಮೀಟರ್. ಕೆಲವರು ರೈಲು ಹಿಡಿದು, ಸಕಲೇಶಪುರದ ಘಟ್ಟದ ಐವತ್ತಕ್ಕೂ ಹೆಚ್ಚು ಸುರಂಗಗಳನ್ನು ನಿದ್ದೆಯಲ್ಲೇ ದಾಟಿ, ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲಿ ಇಳಿಯುವುದೂ ಉಂಟು.

ಎಲ್ಲಿಗೆ ಎಂದು ಕೇಳಿದರೆ ಉತ್ತರ ಎರಡೇ ಅಕ್ಷರ. 'ಕೆ.ಪಿ.' ಅಂದರೆ ಕುಮಾರ ಪರ್ವತ.

ಆ ಶಿಖರದ ಬಗ್ಗೆ ಮಾತಾಡುವವರು ಬೇಕಾದಷ್ಟು ಮಂದಿ ಇದ್ದಾರೆ. ಇವತ್ತಿನ ಮಾತು ಶಿಖರಕ್ಕಿಂತ ಕೆಳಗೆ, ದಾರಿಯಲ್ಲಿ ಸಿಗುವ ಒಂದು ಕಲ್ಲಿನ ಸೂರಿನ ಬಗ್ಗೆ. ಅದರ ಹೆಸರು ಕಲ್ಲುಮಂಟಪ. ಹೆಚ್ಚಿನವರು ಅಲ್ಲಿ ಹತ್ತು ನಿಮಿಷ ಕೂತು, ಬಾಟಲಿ ತುಂಬಿಸಿಕೊಂಡು ಮುಂದೆ ಹೋಗುತ್ತಾರೆ. ಆದರೆ ಒಂದೇ ಹಗಲು ಕೈಯಲ್ಲಿರುವವರಿಗೆ ಆ ಮಂಟಪವೇ ಸರಿಯಾದ ಗುರಿ. ಯಾಕೆ ಎನ್ನುವುದಕ್ಕೆ ಮೊದಲು ಬೆಟ್ಟದ ಅಳತೆ ತಿಳಿಯಬೇಕು.

ಕುಮಾರ ಪರ್ವತದ ಎತ್ತರ ಸಮುದ್ರಮಟ್ಟದಿಂದ ಸುಮಾರು 1,700 ಮೀಟರ್. ಕೊಡಗಿನಲ್ಲಿ ತಡಿಯಂಡಮೋಳ್ ಬಿಟ್ಟರೆ ಇದೇ ಎತ್ತರದ್ದು. ಪುಷ್ಪಗಿರಿ ಎಂಬುದೂ ಇದರ ಹೆಸರೇ. ಕೊಡಗು, ದಕ್ಷಿಣ ಕನ್ನಡ, ಹಾಸನ, ಈ ಮೂರೂ ಜಿಲ್ಲೆಗಳ ಗಡಿ ಕೂಡುವ ಕಡೆ ಅದು ನಿಂತಿದೆ. ಕುಮಾರಧಾರಾ ನದಿ ಹುಟ್ಟುವುದು ಇದರ ಮೈಯಲ್ಲೇ. ಆ ನೀರು ಕುಕ್ಕೆಯಲ್ಲಿ ಭಕ್ತರ ತಲೆ ನೆನೆಸಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರಿ, ಮಂಗಳೂರಿನಲ್ಲಿ ಕಡಲು ಕಾಣುತ್ತದೆ.

1,700 ಮೀಟರ್ ಎಂದರೆ ಭಾರಿ ಅನಿಸಲಿಕ್ಕಿಲ್ಲ. ನಮ್ಮ ನಂದಿಬೆಟ್ಟವೇ 1,500ಕ್ಕೆ ತುಸು ಕಡಿಮೆ ಇದೆಯಲ್ಲ? ಅದರ ನೆತ್ತಿಗೆ ಕಾರು ಹೋಗುತ್ತದೆ, ಮೇಲೆ ಕಾಫಿ ಸಿಗುತ್ತದೆ. ಆದರೆ ಬೆಟ್ಟ ಹತ್ತುವವನ ಕಾಲಿಗೆ ಶಿಖರದ ಎತ್ತರ ಬೇಕಿಲ್ಲ. ಬುಡದಿಂದ ನೆತ್ತಿಯವರೆಗಿನ ಏರು ಎಷ್ಟು ಎನ್ನುವುದಷ್ಟೇ ಬೇಕು. ತ್ಯಾಗರಾಜನಗರ ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ಕುಕ್ಕೆ ಇರುವುದು ನೂರು, ನೂರೈವತ್ತು ಮೀಟರಿನಲ್ಲಿ. ಅಂದರೆ ಬೆಂಗಳೂರಿನವರು ಬೆಟ್ಟ ಹತ್ತುವ ಮೊದಲು ಮುಕ್ಕಾಲು ಕಿಲೋಮೀಟರಿನಷ್ಟು ಕೆಳಗಿಳಿಯುತ್ತಾರೆ, ಬಸ್ಸಿನ ಸೀಟಿನಲ್ಲಿ ತೂಕಡಿಸುತ್ತಾ. ಬೆಳಗ್ಗೆ ಎದ್ದು ಅದನ್ನೂ ಸೇರಿಸಿ, ಒಟ್ಟು ಒಂದೂವರೆ ಸಾವಿರ ಮೀಟರಿಗಿಂತ ಹೆಚ್ಚು ಹತ್ತಬೇಕು.

ಅಳತೆ ಹೇಳಿದ್ದಾಯಿತು. ಇನ್ನು ಗಡಿಯಾರ.

ಕುಕ್ಕೆಯಿಂದ ಶಿಖರಕ್ಕೆ ನಡಿಗೆಯ ದಾರಿ ಸುಮಾರು 13 ಕಿಲೋಮೀಟರ್. ವಾಪಸು ಅಷ್ಟೇ. ಸ್ಕಾಟ್ಲೆಂಡಿನ ವಿಲಿಯಂ ನೇಸ್ಮಿತ್ ಎಂಬ ಪರ್ವತಾರೋಹಿ 1892ರಲ್ಲಿ ಒಂದು ಸೂತ್ರ ಕೊಟ್ಟ. ಸಮತಟ್ಟಿನ ಐದು ಕಿಲೋಮೀಟರಿಗೆ ಒಂದು ಗಂಟೆ ಹಿಡಿಯಿರಿ. ಮೇಲಕ್ಕೆ ಹತ್ತುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ ಸೇರಿಸಿ. ಇವತ್ತಿಗೂ ಚಾರಣಿಗರು ಬೆರಳ ತುದಿಯಲ್ಲಿ ಮಾಡುವ ಲೆಕ್ಕ ಇದೇ. ಕುಮಾರ ಪರ್ವತಕ್ಕೆ ಇದನ್ನು ಹಾಕಿದರೆ ಹತ್ತಲು ಐದು ಗಂಟೆಯ ಮೇಲಾಗುತ್ತದೆ. ಅದೂ ಎಲ್ಲೂ ಕೂರದೆ, ಉಸಿರು ಬಿಡದೆ ನಡೆವ ಗಟ್ಟಿಗನಿಗೆ. ಐದು ದಿನ ಕುರ್ಚಿಯಲ್ಲಿ ಕೂತು ಬಂದವರು ಏಳೆಂಟು ಗಂಟೆ ತೆಗೆದುಕೊಂಡರೆ ಆಶ್ಚರ್ಯವಿಲ್ಲ. ಇಳಿಯಲು ನಾಲ್ಕೈದು ಗಂಟೆ. ಊಟ, ನೀರು, ಫೋಟೋ ಬೇರೆ. ಎಲ್ಲ ಸೇರಿ ಹನ್ನೆರಡು ಗಂಟೆ ದಾಟಿತು.

ಡಿಸೆಂಬರಿನಲ್ಲಿ ನಮ್ಮ ಕಡೆ ಹಗಲು ಎಷ್ಟು ಹೊತ್ತು ಗೊತ್ತೇ? ಸುಮಾರು ಹನ್ನೊಂದೂವರೆ ಗಂಟೆ.

ಇಷ್ಟೇ ವಿಷಯ, ಕೇಳುಗರೇ. ಕುಕ್ಕೆಯ ಕಡೆಯಿಂದ ಹತ್ತುವ ಹೆಚ್ಚಿನವರಿಗೆ ಶಿಖರ ಒಂದು ಹಗಲಿನಲ್ಲಿ ಹಿಡಿಸುವುದಿಲ್ಲ. ಹಿಡಿಸಲೇಬೇಕೆಂದು ಹೊರಟವರು ಕೊನೆಯ ಕಾಡಿನ ದಾರಿಯನ್ನು ಮೊಬೈಲಿನ ಬೆಳಕಿನಲ್ಲಿ ಇಳಿಯುತ್ತಾರೆ. ಬೇರು ಯಾವುದು, ಹಾವು ಯಾವುದು ತಿಳಿಯದ ಹೊತ್ತದು.

ಹಾಗಾದರೆ ಹಿಂದಿನವರು ಏನು ಮಾಡುತ್ತಿದ್ದರು? ನಡುವೆ ತಂಗುತ್ತಿದ್ದರು. ದೊಡ್ಡ ಬೆಟ್ಟ ಇರುವ ಕಡೆಯಲ್ಲೆಲ್ಲ ಮನುಷ್ಯ ನಡುದಾರಿಯಲ್ಲಿ ಸೂರು ಕಟ್ಟಿಕೊಂಡಿದ್ದಾನೆ. ಇದರಲ್ಲಿ ಹೆಸರಾದದ್ದು ಯುರೋಪಿನ ಆಲ್ಪ್ಸ್. ಒಂದು ಗಳಿಗೆ ಅಲ್ಲಿಗೆ ಹೋಗಿ ಬರೋಣ.

ಸ್ವಿಟ್ಜರ್ಲೆಂಡ್ ಮತ್ತು ಇಟಲಿಯ ಗಡಿಯಲ್ಲಿ ಮ್ಯಾಟರ್‌ಹಾರ್ನ್ ಎಂಬ ಚೂಪು ಶಿಖರವಿದೆ. ಎತ್ತರ ಸುಮಾರು 4,500 ಮೀಟರ್. ಅದರ ಕಡಿದಾದ ಅಂಚಿನಲ್ಲಿ, 4,000 ಮೀಟರಿನಲ್ಲಿ, ಒಂದು ಪುಟ್ಟ ಮರದ ಗುಡಿಸಲು ಅಂಟಿಕೊಂಡಿದೆ. ಹೆಸರು ಸೋಲ್ವೇ. ಬೆಲ್ಜಿಯಂನ ಉದ್ಯಮಿ ಅರ್ನೆಸ್ಟ್ ಸೋಲ್ವೇ ಕೊಟ್ಟ ಹಣದಲ್ಲಿ 1915ರಲ್ಲಿ ಕಟ್ಟಿದ್ದು. ಹತ್ತು ಜನ ಮಲಗಬಹುದು. ಆದರೆ ಸುಮ್ಮನೆ ಮಲಗಿ ಹೋಗೋಣವೆಂದು ಬರುವಂತಿಲ್ಲ. ಬಿರುಗಾಳಿಗೆ ಸಿಕ್ಕವರಿಗೆ, ಪೆಟ್ಟಾದವರಿಗೆ ಮಾತ್ರ.

ಇಟಲಿಯವರು ಇನ್ನೂ ಸರಳವಾದ ಉಪಾಯ ಮಾಡಿದರು. 1925ರ ಸುಮಾರಿಗೆ ಟ್ಯೂರಿನ್ ನಗರದ ರವೆಲ್ಲಿ ಸಹೋದರರು ಒಂದು ತಂಗುಗೂಡನ್ನು ರೂಪಿಸಿದರು. ಉದ್ದಕ್ಕೆ ಅರ್ಧ ಸೀಳಿ ಬೋರಲು ಹಾಕಿದ ಡ್ರಮ್ಮನ್ನು ನೆನೆಸಿಕೊಳ್ಳಿ, ಅದೇ ಆಕಾರ. ಹೊರಗೆ ತಗಡು, ಒಳಗೆ ಮರ. ನೆಟ್ಟಗೆ ನಿಲ್ಲಲಾಗದಷ್ಟು ತಗ್ಗು. ಅದರ ಬಿಡಿಭಾಗಗಳನ್ನು ಕೂಲಿಯಾಳುಗಳು ಬೆನ್ನ ಮೇಲೆ ಹೊತ್ತು ಸಾಗಿಸಿ, ಹಿಮನದಿಯ ಅಂಚಿನಲ್ಲಿ ಜೋಡಿಸುತ್ತಿದ್ದರು. ಇಂಥ ಗೂಡಿಗೆ ಕಾವಲುಗಾರನಿಲ್ಲ, ಬೀಗವಿಲ್ಲ. ಯಾರು ಬೇಕಾದರೂ ಬಾಗಿಲು ತೆರೆದು ಒಳಗೆ ಹೋಗಬಹುದು. ಒಳಗೆ ಹಲಗೆಯ ಮಂಚ, ಮಡಚಿಟ್ಟ ಕಂಬಳಿ, ಬಂದವರು ಹೆಸರು ಬರೆಯಲು ಒಂದು ಪುಸ್ತಕ. ಕಟ್ಟಳೆ ಎರಡು ಮೂರು ಅಷ್ಟೇ. ಕಂಬಳಿ ಮಡಚಿಡಿ, ಕಸ ಹೊತ್ತು ಹೋಗಿ, ಬಾಗಿಲು ಭದ್ರವಾಗಿ ಹಾಕಿ. ಬಾಗಿಲು ತೆರೆದಿಟ್ಟರೆ ಒಳಗೆಲ್ಲ ಹಿಮ ತುಂಬಿ, ಮುಂದೆ ಬರುವವನಿಗೆ ಜಾಗವೇ ಇಲ್ಲ. ಈಚೆಗೆ ಇಂಥವನ್ನು ಹೆಲಿಕಾಪ್ಟರಿನಲ್ಲಿ ತೂಗಿಸಿ ತಂದು ಇಡುತ್ತಾರೆ. ಮಂಜಿನಲ್ಲೂ ಕಾಣಲೆಂದು ಕೆಂಪೋ ಕಿತ್ತಳೆಯೋ ಬಳಿದವು ಹೆಚ್ಚು. ಅಲ್ಲಿನ ಎಷ್ಟೋ ಮಂದಿಗೆ ಆ ಗೂಡಿನವರೆಗೆ ನಡೆದು, ಬುತ್ತಿ ಬಿಚ್ಚಿ, ಸಂಜೆಯೊಳಗೆ ಊರು ಸೇರುವುದೇ ಒಂದು ದಿನದ ಸಂತೋಷ. ಶಿಖರದ ಗೊಡವೆಗೆ ಅವರು ಹೋಗುವುದೇ ಇಲ್ಲ.

ಆಲ್ಪ್ಸಿನ ತಗಡಿನ ಗೂಡು ನೋಡಿದೆವು. ಸಹ್ಯಾದ್ರಿಯಲ್ಲಿ ಅದಕ್ಕೆ ಸರಿಸಾಟಿಯಾದದ್ದು ಕಲ್ಲು. ಅದನ್ನು ಕಾಣಲು ಕುಕ್ಕೆಯಿಂದ ಹೊರಡೋಣ.

ದೇವಸ್ಥಾನದ ಬೀದಿ ದಾಟಿ, ದೇವರಗದ್ದೆಯ ಕಡೆ ಒಂದಷ್ಟು ಟಾರು ರಸ್ತೆ. ಆಮೇಲೆ ಕಾಡು. ಮೊದಲ ಐದಾರು ಕಿಲೋಮೀಟರ್ ಮರಗಳ ನೆರಳು ಬಿಡುವುದಿಲ್ಲ. ನೆರಳು ಎಂದ ಮಾತ್ರಕ್ಕೆ ತಂಪು ಎಂದುಕೊಳ್ಳಬೇಡಿ. ಕರಾವಳಿಯ ಸೆಕೆ ಈ ಕಾಡಿನೊಳಗೂ ಇದೆ. ಗಾಳಿ ಆಡುವುದಿಲ್ಲ. ಅರ್ಧ ಗಂಟೆಯಲ್ಲಿ ಅಂಗಿ ಹಿಂಡಬಹುದು. ದಾರಿಯುದ್ದಕ್ಕೂ ಬೇರುಗಳೇ ಮೆಟ್ಟಿಲು. ಒಂದು ಮೆಟ್ಟಿಲು ಮೊಣಕಾಲೆತ್ತರ, ಇನ್ನೊಂದು ಪಾದದೆತ್ತರ, ಹಾಗಾಗಿ ಕಾಲಿಗೆ ತಾಳ ಸಿಗುವುದಿಲ್ಲ. ನಡುವೆ ಭೀಮನ ಬಂಡೆ ಎಂಬ ಹೆಬ್ಬಂಡೆ. ಎಲ್ಲರೂ ಚೀಲ ಇಳಿಸುವ ಮೊದಲ ಜಾಗ ಅದು. ಮಳೆ ಬಿಟ್ಟ ಹೊಸತರಲ್ಲಿ ಇಂಬಳದ ಕಾಟವೂ ಇದೆ. ಬೂಟಿನ ಕಣ್ಣಿನೊಳಗಿಂದ ದಾರದಷ್ಟು ಸಣ್ಣಗೆ ನುಗ್ಗಿ, ಹೊರಬರುವಾಗ ದ್ರಾಕ್ಷಿಗಾತ್ರವಾಗಿರುತ್ತದೆ. ಕಾಲುಚೀಲದ ಮೇಲೆ ಉಪ್ಪೋ ಸುಣ್ಣ ಬೆರೆಸಿದ ಹೊಗೆಸೊಪ್ಪೋ ಸವರುವುದು ಘಟ್ಟದವರ ಹಳೆಯ ಮದ್ದು.

ಈ ಕಾಡು ಪುಷ್ಪಗಿರಿ ವನ್ಯಜೀವಿ ಧಾಮಕ್ಕೆ ತಾಗಿದ್ದು. 1987ರಲ್ಲಿ ಘೋಷಣೆಯಾದ ಧಾಮ ಅದು, ವಿಸ್ತಾರ ಸುಮಾರು ನೂರು ಚದರ ಕಿಲೋಮೀಟರ್. 2012ರಲ್ಲಿ ಯುನೆಸ್ಕೋ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಇದೂ ಸೇರಿತು. ಆನೆ, ಕಾಟಿ, ಕೆಂದಳಿಲು ಇಲ್ಲಿನ ನಿವಾಸಿಗಳು. ಗಟ್ಟಿಯಾಗಿ ಹರಟುತ್ತಾ ಹತ್ತುವವರಿಗೆ ಒಂದೂ ಕಾಣುವುದಿಲ್ಲ.

ಕಾಡು ಮುಗಿಯುವಲ್ಲಿ ಬೆಳಕು ಒಮ್ಮೆಲೇ ಕಣ್ಣಿಗೆ ಹೊಡೆಯುತ್ತದೆ. ಅಲ್ಲಿ ಗಿರಿಗದ್ದೆ. ಅಲ್ಲೇ ಭಟ್ಟರ ಮನೆ.

ಬೆಂಗಳೂರಿನ ಚಾರಣಿಗರಲ್ಲಿ ಈ ಮನೆಯ ಹೆಸರು ಕೇಳದವರಿಲ್ಲ. ಬೆಟ್ಟದ ಮಗ್ಗುಲಲ್ಲಿ ಒಂಟಿಯಾಗಿ ನಿಂತ ಕೃಷಿಕರ ಮನೆ. ದಶಕಗಳಿಂದ ಇಲ್ಲಿ ಬಂದವರಿಗೆ ಅನ್ನ ಬೀಳುತ್ತಿದೆ. ಊಟ ಸಾದಾ. ಬಿಸಿ ಅನ್ನ, ಸಾಂಬಾರು, ಉಪ್ಪಿನಕಾಯಿ, ಮಜ್ಜಿಗೆ. ಎಷ್ಟು ಬೇಕಾದರೂ ಬಡಿಸುತ್ತಾರೆ. ನಗರದಲ್ಲಿ ತರಕಾರಿ ಆರಿಸಿ ಬದಿಗಿಡುವ ಹುಡುಗರು ಇಲ್ಲಿ ಮೂರನೇ ಸಲ ಅನ್ನಕ್ಕೆ ಕೈ ಒಡ್ಡುತ್ತಾರೆ. ಒಂದು ಮಾತು ಮಾತ್ರ ನೆನಪಿರಲಿ. ಅಲ್ಲಿಗೆ ರಸ್ತೆಯಿಲ್ಲ. ಅಕ್ಕಿ, ಬೇಳೆ, ಎಣ್ಣೆ ಎಲ್ಲವೂ ನಾವು ಹತ್ತಿ ಬಂದ ದಾರಿಯನ್ನೇ ಹತ್ತಬೇಕು. ಹಾಗಾಗಿ ಮೊದಲೇ ತಿಳಿಸದೆ ಇಪ್ಪತ್ತು ಜನ ಹೋಗಿ ತಟ್ಟೆ ಹಿಡಿದು ನಿಲ್ಲುವುದು ಸಭ್ಯತೆಯಲ್ಲ. ಇಂಥ ಮನೆಗಳು ಸಹ್ಯಾದ್ರಿಯಲ್ಲಿ ಅಲ್ಲಲ್ಲಿ ಇವೆ. ಕೊಡಚಾದ್ರಿಯ ನೆತ್ತಿಯ ಬಳಿಯೂ ಒಂದು ಭಟ್ಟರ ಮನೆ ಉಂಟು. ಕುದುರೆಮುಖದ ದಾರಿಯಲ್ಲಿ ಲೋಬೋ ಮನೆ ಎಂಬ ಗುರುತಿದೆ, ಈಗ ಅದು ಪಾಳು.

ಭಟ್ಟರ ಮನೆಯ ಹತ್ತಿರವೇ ಅರಣ್ಯ ಇಲಾಖೆಯ ತಪಾಸಣೆ. ಅನುಮತಿ ಚೀಟಿ ತೋರಿಸಬೇಕು, ಚೀಲ ಬಿಚ್ಚಬೇಕು. ಅಲ್ಲಿಂದ ಮುಂದಿನದು ಪೂರಾ ಬೇರೆ ಬೆಟ್ಟ.

ಇಲ್ಲಿಯವರೆಗೆ ಕಾಡು, ಅನ್ನ, ತಪಾಸಣೆ ಆಯಿತು. ಇನ್ನುಳಿದದ್ದು ಹುಲ್ಲು ಮತ್ತು ಬಿಸಿಲು.

ಗಿರಿಗದ್ದೆಯಿಂದ ಕಲ್ಲುಮಂಟಪಕ್ಕೆ ಎರಡು, ಎರಡೂವರೆ ಕಿಲೋಮೀಟರ್. ದೂರ ಏನೇನೂ ಅಲ್ಲ. ಸೌತ್ ಎಂಡ್ ಸರ್ಕಲ್ಲಿನಿಂದ ಲಾಲ್‌ಬಾಗಿಗೆ ಹೋಗಿ ಬಂದಷ್ಟಾದೀತು. ಆದರೆ ಈ ಎರಡೂವರೆ ಕಿಲೋಮೀಟರಿನಲ್ಲಿ ತಲೆಗೆ ನೆರಳಾಗಲು ಮರವಿಲ್ಲ. ಸೊಂಟದವರೆಗೆ ಹುಲ್ಲು, ನಡುವೆ ಒಬ್ಬರು ನಡೆಯುವಷ್ಟು ದಾರಿ, ಅದರಲ್ಲಿ ಉರುಳುವ ಸಣ್ಣ ಕಲ್ಲು. ಒಣಗಿದ ಹುಲ್ಲಿನ ಅಂಚು ಮೊಣಕೈಯನ್ನು ಗೀರುತ್ತದೆ. ಬೆವರು ಇಳಿದಾಗಲೇ ಅದು ಗೊತ್ತಾಗುವುದು. ಎದುರಿಗೆ ಶೇಷ ಪರ್ವತ, ಹೆಡೆ ಬಿಚ್ಚಿ ನಿಂತ ನಾಗನ ಆಕಾರ. ಕೆಳಗಿನ ಕ್ಷೇತ್ರದ ದೇವರು ಯಾರೆಂದು ತಿಳಿದವರಿಗೆ ಆ ಹೆಸರಿನ ಕಾರಣ ಹೇಳಬೇಕಾಗಿಲ್ಲ. ಬೆಟ್ಟ ಹತ್ತಿರವೇ ಇದೆ ಅನಿಸುತ್ತದೆ. ಒಂದು ಗಂಟೆ ನಡೆದ ಮೇಲೂ ಅಷ್ಟೇ ಹತ್ತಿರ ಇರುತ್ತದೆ.

ಆಮೇಲೆ ಮಂಟಪ. ಕಣ್ಣಿಗೆ ಕಟ್ಟುವಂತೆ ಹೇಳುವುದಾದರೆ ಹೀಗೆ. ಒರಟಾಗಿ ಕಡೆದ ಕಲ್ಲಿನ ಕಂಬಗಳು. ಮೇಲೆ ಅಡ್ಡಕ್ಕೆ ಹಾಸಿದ ಕಲ್ಲಿನ ಚಪ್ಪಡಿ. ಗೋಡೆಯಿಲ್ಲ, ಬಾಗಿಲಿಲ್ಲ, ಕೆತ್ತನೆಯ ಬೆಡಗೂ ಇಲ್ಲ. ಒಂದು ಸಣ್ಣ ಗುಂಪು ಮೈಗೆ ಮೈ ತಾಗಿಸಿ ಕೂರಬಹುದು. ಹೊರಗಿನ ಉರಿಬಿಸಿಲಿನಿಂದ ಒಳಗೆ ಬಂದು ಚಪ್ಪಡಿಯ ಕೆಳಗೆ ಬೆನ್ನು ಊರಿದರೆ, ಕಲ್ಲಿನ ತಂಪು ಅಂಗಿಯೊಳಗೆ ಇಳಿಯುತ್ತದೆ. ಹತ್ತಿರದಲ್ಲೇ ನೀರಿನ ಸೆಲೆ. ಶಿಖರಕ್ಕೆ ಹೋಗುವವರು ಬಾಟಲಿ ತುಂಬಿಸಿಕೊಳ್ಳಲು ನಂಬುವ ಜಾಗ ಇದು.

ಗಮನಿಸಿ ಕೇಳಿ. ಆಲ್ಪ್ಸಿನ ಗೂಡಿಗೆ ನಾಲ್ಕೂ ಕಡೆ ಗೋಡೆ, ಭದ್ರವಾದ ಬಾಗಿಲು. ನಮ್ಮ ಮಂಟಪಕ್ಕೆ ಎರಡೂ ಇಲ್ಲ. ಬಡತನಕ್ಕಲ್ಲ ಇದು, ಹವೆಯ ಕಾರಣಕ್ಕೆ. ಅಲ್ಲಿ ಕೊಲ್ಲುವುದು ಚಳಿ ಮತ್ತು ಹಿಮ. ಗೋಡೆ ಇಲ್ಲದ ಸೂರು ಅಲ್ಲಿ ಪ್ರಯೋಜನಕ್ಕಿಲ್ಲ. ಸಹ್ಯಾದ್ರಿಯಲ್ಲಿ ಸಾವಿರ ಮೀಟರ್ ಏರಿದರೆ ಬಿಸಿ ಆರೇಳು ಡಿಗ್ರಿ ಇಳಿಯುತ್ತದೆ, ಅಷ್ಟೇ. ಇಲ್ಲಿ ಕಾಡುವುದು ಬಿಸಿಲು, ಬಾಯಾರಿಕೆ, ಏಕಾಏಕಿ ಸುರಿಯುವ ಮಳೆ. ಇವಕ್ಕೆ ನೆತ್ತಿಯ ಮೇಲೊಂದು ಚಪ್ಪಡಿ, ಪಕ್ಕದಲ್ಲಿ ನೀರು ಇದ್ದರೆ ಸಾಕು. ನಾಡಿನ ಹಳೆಯ ಹಾದಿಗಳ ಪಕ್ಕದಲ್ಲೆಲ್ಲ ಮಂಟಪವೂ ಅರವಟ್ಟಿಗೆಯೂ ಜೋಡಿಯಾಗಿ ಕಾಣುವುದು ಇದೇ ಲೆಕ್ಕಾಚಾರಕ್ಕೆ. ಒಂದು ಎಚ್ಚರಿಕೆ ಇರಲಿ. ಗುಡುಗು ಮಿಂಚಿನ ಹೊತ್ತಿನಲ್ಲಿ ಬಯಲಿನ ಇಂಥ ತೆರೆದ ಮಂಟಪ ಸುರಕ್ಷಿತವಲ್ಲ. ಮಳೆಯಿಂದ ಅದು ಕಾಯುತ್ತದೆ, ಸಿಡಿಲಿನಿಂದ ಕಾಯುವುದಿಲ್ಲ. ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಈ ಹುಲ್ಲುಗಾವಲಿನಲ್ಲಿ ನಿಲ್ಲುವುದು ಜಾಣತನವಲ್ಲ.

ಮಂಟಪದಿಂದ ಶಿಖರಕ್ಕೆ ಇನ್ನೂ ಐದು ಕಿಲೋಮೀಟರ್ ಇದೆ. ಭತ್ತದ ರಾಶಿ, ಆಮೇಲೆ ಶೇಷ ಪರ್ವತ, ಅದರಾಚೆ ಒಂದು ಕಾಡಿಗೆ ಇಳಿದು, ಬಂಡೆಯೊಂದನ್ನು ಕೈಕಾಲು ಊರಿ ಏರಿ, ಕೊನೆಗೆ ಪುಷ್ಪಗಿರಿಯ ನೆತ್ತಿ. ಅಲ್ಲೊಂದು ಕಲ್ಲಿನ ಪುಟ್ಟ ಗುಡಿ. ಚೆಂದವೇ, ಇಲ್ಲವೆನ್ನುವುದಿಲ್ಲ. ಆದರೆ ಕುಕ್ಕೆಯಿಂದ ಮಂಟಪಕ್ಕೆ ಸುಮಾರು ಎಂಟು ಕಿಲೋಮೀಟರ್. ಹೋಗಿ ಬರುವುದು ಹದಿನಾರು. ಸಾಧಾರಣ ಕಾಲಿನವರಿಗೆ ಎಂಟೊಂಬತ್ತು ಗಂಟೆ. ಮೊದಲು ಹೇಳಿದ ಡಿಸೆಂಬರಿನ ಹಗಲಿನಲ್ಲಿ ಇದು ಆರಾಮವಾಗಿ ಹಿಡಿಸುತ್ತದೆ. ಭಟ್ಟರ ಮನೆಯ ಊಟಕ್ಕೂ ಹೊತ್ತು ಉಳಿಯುತ್ತದೆ.

ಹಾಗಿದ್ದರೂ ಎಲ್ಲರೂ ಶಿಖರಕ್ಕೇ ಮುಗಿಬೀಳುವುದು ಯಾಕೆ? ಶಿಖರ ಮುಟ್ಟದೆ ಬಂದರೆ ಹೋದದ್ದೇ ಲೆಕ್ಕಕ್ಕಿಲ್ಲ ಎನ್ನುವ ಒಂದು ಹಟ ಈಗ ಬಂದಿದೆ. ಅದರ ಫಲ 2024ರ ಜನವರಿಯಲ್ಲಿ ಕಂಡಿತು. ಗಣರಾಜ್ಯೋತ್ಸವದ ದಿನ ಶುಕ್ರವಾರ ಬಂದು ಮೂರು ದಿನ ರಜೆ ಒಟ್ಟಿಗೆ ಸಿಕ್ಕಿತು. ಸಾವಿರಾರು ಮಂದಿ ಕುಮಾರ ಪರ್ವತಕ್ಕೆ ನುಗ್ಗಿದರು. ಬೆಟ್ಟದ ಮೈಮೇಲೆ ಸಾಲುಗಟ್ಟಿ ನಿಂತ ಜನರ ವಿಡಿಯೋಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದವು. ಬನಶಂಕರಿ ಬಸ್ ನಿಲ್ದಾಣದ ಗದ್ದಲ ತಪ್ಪಿಸಿಕೊಂಡು ಹೋದವರು ಬೆಟ್ಟದಲ್ಲೂ ಸರದಿಯಲ್ಲಿ ನಿಂತರು. ಕೂಡಲೇ ಅರಣ್ಯ ಸಚಿವ ಈಶ್ವರ ಖಂಡ್ರೆ ಅವರು, ಆನ್‌ಲೈನ್ ಕಾಯ್ದಿರಿಸುವ ವ್ಯವಸ್ಥೆ ಇಲ್ಲದ ಚಾರಣಗಳಿಗೆ ತಡೆ ಹಾಕಿಸಿದರು. ಅದೇ ವರ್ಷ ಅಕ್ಟೋಬರಿನಲ್ಲಿ 'ಅರಣ್ಯ ವಿಹಾರ' ಎಂಬ ಸರ್ಕಾರಿ ಜಾಲತಾಣ ಬಂತು. ಒಂದು ಹಾದಿಯಲ್ಲಿ ದಿನಕ್ಕೆ 300 ಜನ, ಅದಕ್ಕಿಂತ ಹೆಚ್ಚಿಲ್ಲ ಎಂಬ ಮಿತಿಯೂ ಬಂತು. ಶಿಖರದಲ್ಲಿ ಡೇರೆ ಹಾಕುವಂತಿಲ್ಲ ಎನ್ನುವ ಕಟ್ಟಳೆ ಅದಕ್ಕೂ ಹಿಂದಿನದು. ಒಳ್ಳೆಯ ಕಟ್ಟಳೆಯೇ. ಡೇರೆಯ ಜೊತೆಗೆ ಒಲೆ, ಒಲೆಯ ಜೊತೆಗೆ ಕಿಡಿ. ಜನವರಿ ದಾಟಿದ ಮೇಲೆ ಈ ಹುಲ್ಲಿಗೆ ಒಂದು ಕಿಡಿ ಸಾಕು.

ಸಮಯ ಮುಗಿಯುತ್ತಾ ಬಂತು. ಹಗಲಿನ ಲೆಕ್ಕ, ಮಂಟಪ, ಇಲಾಖೆಯ ಮಿತಿ, ಇಷ್ಟನ್ನು ಕೇಳಿದ್ದೀರಿ. ಹೊರಡುವವರಿಗೆ ಇನ್ನು ಕೆಲವು ಮಾತು.

ಅನುಮತಿಯನ್ನು ಬೆಂಗಳೂರಿನಲ್ಲೇ ಪಡೆದು ಹೊರಡಿ. ಮಳೆಗಾಲದಲ್ಲಿ, ಕಾಳ್ಗಿಚ್ಚಿನ ದಿನಗಳಲ್ಲಿ ದಾರಿ ಮುಚ್ಚುವುದುಂಟು. ಮಾರ್ಗಶಿರದ ಚಂಪಾಷಷ್ಠಿಯ ಹೊತ್ತಿಗೆ ಕುಕ್ಕೆಯಲ್ಲಿ ದೊಡ್ಡ ಜಾತ್ರೆ. ಆಗ ಬಸ್ಸಿನಲ್ಲಿ ಸೀಟು ಸಿಗದು, ಊರಿನಲ್ಲಿ ಕೋಣೆ ಸಿಗದು. ಒಬ್ಬೊಬ್ಬರಿಗೂ ಮೂರು ಲೀಟರ್ ನೀರು ಬೇಕು. ಒಂದು ಉದ್ದ ತೋಳಿನ ಅಂಗಿ, ಒಂದು ಟಾರ್ಚು ಚೀಲದಲ್ಲಿರಲಿ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಮುಂದೆ ಇರಲಿ. ಹಿಂದಿರುಗುವ ಹೊತ್ತನ್ನು ಕೆಳಗೆ ಇರುವಾಗಲೇ ತೀರ್ಮಾನಿಸಿ. ಮಧ್ಯಾಹ್ನ ಒಂದು ಗಂಟೆ ಎಂದುಕೊಂಡರೆ ಒಂದು ಗಂಟೆಗೆ ಎಲ್ಲಿದ್ದರೂ ತಿರುಗಿ. ಮೇಲೆ ಹೋದ ಮೇಲೆ ಈ ತೀರ್ಮಾನ ಮಾಡುವುದು ಕಷ್ಟ, ಶಿಖರ ಕರೆಯುತ್ತಲೇ ಇರುತ್ತದೆ.

ಶಿಖರವನ್ನೇ ನೋಡಬೇಕು ಎನ್ನುವವರಿಗೆ ಇನ್ನೊಂದು ದಾರಿ ಇದೆ. ಸೋಮವಾರಪೇಟೆಯ ಕಡೆಯಿಂದ ಬೀದಳ್ಳಿಗೆ ಹೋಗಿ, ಶಾಂತಮಲ್ಲಿಕಾರ್ಜುನ ದೇವಸ್ಥಾನದ ಮಗ್ಗುಲಿನಿಂದ ಹತ್ತಬಹುದು. ಅಲ್ಲಿ ಬುಡವೇ ಎತ್ತರದಲ್ಲಿದೆ. ದಾರಿ ಆರೇಳು ಕಿಲೋಮೀಟರ್, ಒಂದು ಹಗಲಿಗೆ ಸಾಕಾಗುತ್ತದೆ. ಹೆಚ್ಚಿನ ಪಾಲು ಕಾಡೇ, ಬಿಸಿಲಿನ ಕಾಟ ಕಡಿಮೆ. ಬುತ್ತಿ ಮಾತ್ರ ಕಟ್ಟಿಕೊಂಡು ಹೋಗಬೇಕು. ಆ ಕಡೆ ಭಟ್ಟರ ಮನೆಯೂ ಇಲ್ಲ, ಕಲ್ಲುಮಂಟಪವೂ ಇಲ್ಲ.